ತರಬೇತಿ ಕೆಲಸಕ್ಕೆ ಬಂತಾ? ಮಕ್ಕಳ ರಕ್ಷಣಾ ಸಿಬ್ಬಂದಿ ಮತ್ತು ಸಾಕು ಪೋಷಕರ ತರಬೇತಿಯನ್ನು ಅಳೆಯುವುದು ಹೇಗೆ

ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ಎರಡು ದಿನ ತರಬೇತಿ ಕೊಟ್ವಿ. ಈಗ ಮೌಲ್ಯಮಾಪನ ವರದಿ ಕಳಿಸಿ ಅಂತಾರೆ. ಏನು ಬರೀಬೇಕು?" ಕೇಳುವವರಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರಿದ್ದಾರೆ, ಸ್ವಯಂಸೇವಾ ಸಂಸ್ಥೆಯವರಿದ್ದಾರೆ, ಬಾಲಮಂದಿರ, ಅಂದರೆ ಆಸರೆ ಬೇಕಾದ ಮಕ್ಕಳನ್ನು ಇರಿಸಿಕೊಳ್ಳುವ ಸಂಸ್ಥೆ, ನಡೆಸುವವರೂ ಇದ್ದಾರೆ. ಹೆಚ್ಚಿನವರ ಕೈಯಲ್ಲಿ ಇರುವುದು ಒಂದು ಕಟ್ಟು ಫೀಡ್‌ಬ್ಯಾಕ್ ಫಾರ್ಮ್. ಎಲ್ಲದರಲ್ಲೂ "ಅತ್ಯುತ್ತಮ" ಅಂತ ಟಿಕ್.

ಆ ಕಟ್ಟಿನಿಂದ ಹೆಚ್ಚೇನೂ ಗೊತ್ತಾಗುವುದಿಲ್ಲ. ತರಬೇತಿಯ ಫಲ ಕಾಣುವುದು ಮೂರು ತಿಂಗಳಾದ ಮೇಲೆ, ಸಿಬ್ಬಂದಿ ಬರೆದ ಕಡತದಲ್ಲಿ ಮತ್ತು ಮಗು ಇರುವ ಮನೆಯಲ್ಲಿ. ಅಲ್ಲಿ ನೋಡಬೇಕು ಅಂದರೆ ತಯಾರಿ ತರಬೇತಿಗೆ ಮೊದಲೇ ಶುರುವಾಗಬೇಕು. ತರಬೇತಿ ಈಗಾಗಲೇ ಮುಗಿದಿದ್ದರೂ ಪೂರ್ತಿ ಕೈಬಿಡಬೇಕಿಲ್ಲ, ಅದಕ್ಕೆ 5ನೇ ಹಂತದಲ್ಲಿ ಒಂದು ದಾರಿ ಇದೆ.

ಮೊದಲು ಕೆಲವು ಪದಗಳು

ಈ ಕ್ಷೇತ್ರಕ್ಕೆ ಹೊಸಬರಾಗಿದ್ದರೆ ಇಷ್ಟು ತಿಳಿದಿರಲಿ. ಬಾಲ ನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ 2015ರದ್ದು. ಜಾರಿಗೆ ಬಂದದ್ದು 2016ರ ಜನವರಿ 15ರಂದು. ಇದರ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು ಇರುವ ಮಕ್ಕಳ ಕಲ್ಯಾಣ ಸಮಿತಿ ಇರಬೇಕು. ಇದು ಸಲಹೆ ಕೊಡುವ ಸಮಿತಿ ಅಲ್ಲ, ಮ್ಯಾಜಿಸ್ಟ್ರೇಟ್ ಅಧಿಕಾರ ಇರುವ ಪೀಠ. ಮನೆ ಭೇಟಿ, ವರದಿ, ಫಾಲೋ-ಅಪ್ ಎಲ್ಲ ಮಾಡುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಿಬ್ಬಂದಿ. ಅವರಲ್ಲಿ ಅಸಾಂಸ್ಥಿಕ ಸೇವೆಯ ರಕ್ಷಣಾಧಿಕಾರಿ ಅಂತ ಒಬ್ಬರಿರುತ್ತಾರೆ. ಸಂಸ್ಥೆಯ ಹೊರಗೆ, ಅಂದರೆ ಕುಟುಂಬಗಳಲ್ಲಿ ಇರುವ ಮಕ್ಕಳ ಕೆಲಸ ಅವರದ್ದು.

ಸಾಕು ಪಾಲನೆ ಅಂದರೆ ಫಾಸ್ಟರ್ ಕೇರ್, ಕಾಯ್ದೆಯ 44ನೇ ಕಲಂ. ಸಮಿತಿಯ ಆದೇಶದ ಮೇಲೆ ಮಗು ಬೇರೆ ಕುಟುಂಬದಲ್ಲಿ ಸ್ವಲ್ಪ ಕಾಲ ಬೆಳೆಯುತ್ತದೆ. ಇದು ದತ್ತು ಅಲ್ಲ. 2024ರ ಹೊಸ ಮಾದರಿ ಮಾರ್ಗಸೂಚಿ ಬಂದ ಮೇಲೆ 35ರಿಂದ 60 ವರ್ಷದ ಒಂಟಿ ವ್ಯಕ್ತಿಗಳೂ ಸಾಕು ಪೋಷಕರಾಗಬಹುದು. ಒಂಟಿ ಗಂಡಸಿಗೆ ಗಂಡು ಮಗುವನ್ನು ಮಾತ್ರ ಕೊಡುತ್ತಾರೆ. ಮಗು ಎರಡು ವರ್ಷ ಆ ಮನೆಯಲ್ಲಿದ್ದರೆ ದತ್ತು ಕೇಳಲು ಅವಕಾಶ ಇದೆ, ಮೊದಲು ಇದು ಐದು ವರ್ಷ ಇತ್ತು. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಗುವಿನ ಖರ್ಚಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ.

ಇನ್ನೊಂದು ಪದ ವೈಯಕ್ತಿಕ ಪಾಲನಾ ಯೋಜನೆ. ಒಂದು ಮಗುವಿಗೆ ಏನು ಬೇಕು, ಅದನ್ನು ಯಾರು ಯಾವಾಗ ಮಾಡಬೇಕು ಅಂತ ಬರೆದಿಡುವ ದಾಖಲೆ ಅದು. ಈ ಲೇಖನದಲ್ಲಿ ಅದನ್ನು ತುಂಬಾ ಸಲ ನೋಡುತ್ತೀರಿ.

ಏನೇನು ಬೇಕು

ದೊಡ್ಡ ಬಜೆಟ್ ಬೇಡ. ತರಬೇತಿಗೆ ಮೊದಲಿನ ಕೆಲವು ಕಡತ, ಒಂದು ನೋಟ್‌ಬುಕ್, ಫೋನ್, ಆ ತರಬೇತಿಯಲ್ಲಿ ಪಾಠ ಮಾಡದ ಇಬ್ಬರು ಓದುಗರು. ಜೊತೆಗೆ ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿ (ಘಟಕದ ಮುಖ್ಯಸ್ಥರು) ಮತ್ತು ಮಕ್ಕಳ ಕಲ್ಯಾಣ ಸಮಿತಿಯಿಂದ ಬರಹದಲ್ಲಿ ಅನುಮತಿ. ಬಾಯಿ ಮಾತಿನ ಅನುಮತಿ ಸಾಲದು. ಆ ಅಧಿಕಾರಿಗೆ ವರ್ಗಾವಣೆ ಆದರೆ ನಿಮ್ಮ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಹಂತ 1: ಏನು ಬದಲಾಗಬೇಕು ಅಂತ ಒಂದೆರಡು ವಾಕ್ಯದಲ್ಲಿ ಬರೆಯಿರಿ

"ಮಕ್ಕಳ ಹಕ್ಕುಗಳ ಬಗ್ಗೆ ಅರಿವು ಮೂಡಿಸುವುದು" ಅಂತ ಬರೆದರೆ ಅಳೆಯಲು ಏನೂ ಉಳಿಯಲ್ಲ. ಕಣ್ಣಿಗೆ ಕಾಣುವ ಕೆಲಸ ಬರೆಯಿರಿ. ಸಿಬ್ಬಂದಿಗಾದರೆ: "ಪ್ರತಿ ಪಾಲನಾ ಯೋಜನೆಯಲ್ಲಿ ಮಗು ಹೇಳಿದ ಮಾತು ಇರಬೇಕು. ಪ್ರತಿ ಕೆಲಸದ ಮುಂದೆ ಮಾಡುವವರ ಹೆಸರು, ತಾರೀಖು ಇರಬೇಕು." ಸಾಕು ಪೋಷಕರಿಗಾದರೆ: "ಮಗು ರಾತ್ರಿ ಹಾಸಿಗೆ ಒದ್ದೆ ಮಾಡಿದರೆ ಬೈಯದೆ, ಹೊಡೆಯದೆ, ಬೇರೆಯವರ ಮುಂದೆ ಆಡಿಕೊಳ್ಳದೆ ಬಟ್ಟೆ ಬದಲಿಸಬೇಕು." ಇಂಥವು ಎರಡೋ ಮೂರೋ ಸಾಕು.

ಇಲ್ಲೇ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಇದು ತರಬೇತಿಯಿಂದ ಸರಿಹೋಗುವ ತೊಂದರೆಯಾ? ಚಿಂಚೋಳಿಯ ಒಳಗಿನ ತಾಂಡಾಗಳಿಗೆ ಮನೆ ಭೇಟಿ ಆಗುತ್ತಿಲ್ಲ ಅಂತಿಟ್ಟುಕೊಳ್ಳಿ. ಭೇಟಿ ಹೇಗೆ ಮಾಡಬೇಕು ಅಂತ ಗೊತ್ತಿಲ್ಲದಿದ್ದರೆ ತರಬೇತಿ ಕೊಡಿ. ಹೋಗಲು ಗಾಡಿಯೇ ಇಲ್ಲದಿದ್ದರೆ, ಹುದ್ದೆಯೇ ಖಾಲಿ ಇದ್ದರೆ, ಎಷ್ಟು ಒಳ್ಳೆ ತರಬೇತಿ ಕೊಟ್ಟರೂ ಭೇಟಿ ಹೆಚ್ಚಲ್ಲ. ಆಮೇಲೆ "ತರಬೇತಿ ವಿಫಲ" ಅಂತ ಬರೆಯುವುದು ಅನ್ಯಾಯ.

ಹಂತ 2: ಯಾವ ಮೆಟ್ಟಿಲವರೆಗೆ ಅಳೆಯುತ್ತೀರಿ, ಈಗಲೇ ಹೇಳಿ

ತರಬೇತಿ ಅಳೆಯುವವರೆಲ್ಲ ಬಳಸುವ ಒಂದು ಚೌಕಟ್ಟಿದೆ. ಅಮೆರಿಕದ ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಲ್ಲಿ ಬರೆದ ಲೇಖನಗಳಿಂದ ಬಂದದ್ದು. ನಾಲ್ಕು ಮೆಟ್ಟಿಲು: ಬಂದವರಿಗೆ ಹೇಗನಿಸಿತು, ಏನು ಕಲಿತರು, ಕೆಲಸದಲ್ಲಿ ಏನು ಬದಲಾಯಿತು, ಕೊನೆಗೆ ಯಾರಿಗೆ ಏನು ಲಾಭ ಆಯಿತು. ನಮ್ಮ ವರದಿಗಳು ಮೊದಲ ಮೆಟ್ಟಿಲಲ್ಲೇ ಕೂತುಬಿಡುತ್ತವೆ. ನನ್ನ ಸಲಹೆ ಕೇಳಿದರೆ, ಶಕ್ತಿಯನ್ನೆಲ್ಲ ಮೂರನೇ ಮೆಟ್ಟಿಲಿಗೆ ಹಾಕಿ. ನಾಲ್ಕನೆಯದು ಕಷ್ಟ, ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಹಂತ 3: ತರಬೇತಿಗೆ ಮೊದಲು ಅಳತೆ ತೆಗೆದುಕೊಳ್ಳಿ

ಇದಕ್ಕೆ ಬೇಸ್‌ಲೈನ್ ಅಂತಾರೆ. ಮೊದಲು ಹೇಗಿತ್ತು ಅಂತ ಗೊತ್ತಿಲ್ಲದೆ ಆಮೇಲೆ ಏನು ಬದಲಾಯಿತು ಅಂತ ಹೇಳಲಾಗದು, ಅಲ್ವಾ?

ಮೊದಲ ಕೆಲಸ ಕಡತ. ತರಬೇತಿಗೆ ಬರುವ ಪ್ರತಿಯೊಬ್ಬರೂ ಇತ್ತೀಚೆಗೆ ಬರೆದ ಎರಡೆರಡು ಪಾಲನಾ ಯೋಜನೆಗಳ ಜೆರಾಕ್ಸ್ ತೆಗೆಸಿ. ಯಾವುದು ಕೊಡಬೇಕು ಅಂತ ಅವರನ್ನು ಕೇಳಬೇಡಿ, ಚೆನ್ನಾಗಿರುವುದನ್ನೇ ಆರಿಸಿ ಕೊಡುತ್ತಾರೆ. "ಕೊನೆಯ ಎರಡು" ಅಂತ ನಿಯಮ ಮಾಡಿ. ಮಗುವಿನ ಹೆಸರು, ಊರು, ಶಾಲೆ, ಬರೆದವರ ಹೆಸರು, ತಾರೀಖು ಎಲ್ಲದರ ಮೇಲೂ ಕಪ್ಪು ಪಟ್ಟಿ ಎಳೆದು, ಅದನ್ನು ಮತ್ತೊಮ್ಮೆ ಜೆರಾಕ್ಸ್ ಮಾಡಿ. ಒಂದೇ ಸಲದ ಸ್ಕೆಚ್ ಪೆನ್ ಗೆರೆಯನ್ನು ಬೆಳಕಿಗೆ ಹಿಡಿದರೆ ಅಕ್ಷರ ಕಾಣುತ್ತದೆ. ಪ್ರತಿಯೊಂದಕ್ಕೂ ಒಂದು ನಂಬರ್ ಕೊಡಿ. ಯಾವ ನಂಬರ್ ಯಾರದ್ದು ಅನ್ನುವ ಪಟ್ಟಿ ಬೀಗ ಹಾಕಿದ ಕಪಾಟಿನಲ್ಲಿರಲಿ.

ಎರಡನೆಯದು ಪ್ರಶ್ನೆಪತ್ರಿಕೆ. "ಬಾಲ ನ್ಯಾಯ ಕಾಯ್ದೆ ಯಾವ ವರ್ಷದ್ದು?" ಅಂತ ಕೇಳಿದರೆ ನೆನಪಿನ ಪರೀಕ್ಷೆ ಆಗುತ್ತದೆ, ಅಷ್ಟೇ. ಇಲ್ಲಿಯದೇ ಸನ್ನಿವೇಶ ಕೊಡಿ. ಉದಾಹರಣೆಗೆ: "ಒಂಬತ್ತು ವರ್ಷದ ಹುಡುಗಿ. ತಾಯಿ ತೀರಿಕೊಂಡಿದ್ದಾಳೆ. ಅಪ್ಪ ದೀಪಾವಳಿ ಮುಗಿಸಿ ಪುಣೆಗೆ ಗುಳೆ ಹೋಗಿದ್ದಾನೆ. ಹುಡುಗಿ ಕಾಕಿ ಮನೆಯಲ್ಲಿದ್ದಾಳೆ. ಕಾಕಾ ಬಂದು 'ನಮ್ಮಿಂದ ಆಗಲ್ರಿ, ಬಾಲಮಂದಿರಕ್ಕ ಹಾಕ್ರಿ' ಅಂತಾನೆ. ನೀವು ಮೊದಲು ಯಾರನ್ನು ಭೇಟಿಯಾಗುತ್ತೀರಿ? ಏನೇನು ಕೇಳುತ್ತೀರಿ?" ಮಗುವನ್ನು ಸಂಸ್ಥೆಗೆ ಹಾಕುವುದು ಕೊನೆಯ ದಾರಿ ಅನ್ನುವುದು ಕಾಯ್ದೆಯ 3ನೇ ಕಲಂನ ತತ್ವಗಳಲ್ಲಿ ಒಂದು. ಅದನ್ನು ಬಾಯಿಪಾಠ ಹೇಳಿದವರು ಈ ಸನ್ನಿವೇಶಕ್ಕೆ "ಬಾಲಮಂದಿರಕ್ಕೆ ದಾಖಲಿಸುವುದು" ಅಂತ ಬರೆದರೆ, ತರಬೇತಿ ಎಲ್ಲಿ ಒತ್ತು ಕೊಡಬೇಕು ಅಂತ ಗೊತ್ತಾಯಿತು. ಹುಡುಗಿಯನ್ನೇ ಕೇಳಬೇಕು ಅಂತ ಎಷ್ಟು ಜನ ಬರೆಯುತ್ತಾರೆ ಅನ್ನುವುದನ್ನೂ ಎಣಿಸಿ.

ಸಾಕು ಪೋಷಕರಿಗೆ ಲಿಖಿತ ಪರೀಕ್ಷೆ ಬೇಡ. ಸನ್ನಿವೇಶವನ್ನು ಓದಿ ಹೇಳಿ, ಉತ್ತರ ನೀವು ಬರೆದುಕೊಳ್ಳಿ. ಮನೆಮಾತು ದಖ್ಖನಿ ಉರ್ದು, ಲಂಬಾಣಿ, ಬೀದರ್ ಗಡಿಯಲ್ಲಾದರೆ ಮರಾಠಿ, ಗುರುಮಠಕಲ್ ಕಡೆ ತೆಲುಗು ಇರಬಹುದು. ಅವರ ಮಾತು ಬರುವವರನ್ನು ಕರೆದುಕೊಳ್ಳಿ. ಪಕ್ಕದ ಮನೆಯವರನ್ನು ಮಾತ್ರ ಅನುವಾದಕ್ಕೆ ಕೂರಿಸಬೇಡಿ, ಮಗುವಿನ ವಿಷಯ ಓಣಿಗೆಲ್ಲ ಗೊತ್ತಾಗುತ್ತದೆ.

ಹಂತ 4: ತರಬೇತಿಯ ದಿನ

ಬರೆದಿಟ್ಟ ವೇಳಾಪಟ್ಟಿಗೂ ನಿಜವಾಗಿ ನಡೆದದ್ದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. ಉದ್ಘಾಟನೆ, ಸನ್ಮಾನ, ಭಾಷಣ ಮುಗಿಯುವ ಹೊತ್ತಿಗೆ ಮಧ್ಯಾಹ್ನ. ಅಭ್ಯಾಸಕ್ಕೆ ಅಂತ ಇಟ್ಟ ಅವಧಿಗೇ ಕತ್ತರಿ ಬೀಳುತ್ತದೆ. ಒಬ್ಬರು ಹಿಂದೆ ಕೂತು ಯಾವ ವಿಷಯಕ್ಕೆ ಎಷ್ಟು ನಿಮಿಷ ಸಿಕ್ಕಿತು ಅಂತ ಬರೆದುಕೊಳ್ಳಲಿ. ಪಾಲನಾ ಯೋಜನೆ ಬರೆಯುವ ಅಭ್ಯಾಸ ಆಗಲೇ ಇಲ್ಲ ಅಂದರೆ, ಆಮೇಲೆ ಕಡತ ಬದಲಾಗದಿದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಫೀಡ್‌ಬ್ಯಾಕ್ ಫಾರ್ಮ್ ತೆಗೆದುಕೊಳ್ಳಿ, ಬೇಡ ಅನ್ನಲ್ಲ. ಆದರೆ ಅದು ಬರುವ ಹೊತ್ತು ನೋಡಿ. ಸಂಜೆ ಐದಕ್ಕೆ ಪ್ರಯಾಣ ಭತ್ಯೆಯ ರಿಜಿಸ್ಟರ್, ಸರ್ಟಿಫಿಕೇಟ್, ಫಾರ್ಮ್ ಮೂರೂ ಒಂದೇ ಟೇಬಲ್ ಮೇಲೆ. ಔರಾದಿಗೆ ಹೋಗುವವರಿಗೆ ಬಸ್ಸಿನ ಚಿಂತೆ. ಟೇಬಲ್ ಆಚೆ ತರಬೇತಿ ಕೊಟ್ಟವರೇ ನಿಂತಿದ್ದಾರೆ. ಯಾರು ತಾನೆ "ಸುಮಾರು" ಅಂತ ಟಿಕ್ ಮಾಡುತ್ತಾರೆ? ಫಾರ್ಮನ್ನು ಮಧ್ಯಾಹ್ನದ ಊಟಕ್ಕೆ ಮೊದಲೇ ಕೊಡಿ, ಹೆಸರು ಬೇಡ, ಡಬ್ಬಿಯಲ್ಲಿ ಹಾಕಲಿ. ಪ್ರಶ್ನೆ ಎರಡೇ ಸಾಕು: "ನಾಳೆ ಕೆಲಸದಲ್ಲಿ ಬಳಸುವ ಒಂದು ವಿಷಯ ಯಾವುದು?" "ಅರ್ಥ ಆಗದೆ ಉಳಿದದ್ದು ಯಾವುದು?"

ಎಚ್ಚರಿಕೆ: ಸಾಕು ಮಕ್ಕಳನ್ನು ವೇದಿಕೆಗೆ ಕರೆದು ಫೋಟೋ ತೆಗೆದು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಬೇಡಿ. ರಕ್ಷಣೆಯಲ್ಲಿರುವ ಮಗುವಿನ ಗುರುತು ಬಯಲು ಮಾಡುವುದು 74ನೇ ಕಲಂ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ವರದಿಗೆ ಫೋಟೋ ಬೇಕೇ ಬೇಕು ಅಂದರೆ ದೊಡ್ಡವರದ್ದು ಹಾಕಿ.

ಹಂತ 5: ಕಲಿತದ್ದನ್ನು ಅಳೆಯಿರಿ, ಅಂಕ ಇಳಿದರೆ ಗಾಬರಿ ಬೇಡ

ತರಬೇತಿ ಮುಗಿದ ಮೇಲೆ ಸನ್ನಿವೇಶದ ಪ್ರಶ್ನೆ ಮತ್ತೆ ಕೊಡಿ. ಅದೇ ಹುಡುಗಿಯ ಕಥೆ ಬೇಡ, ಅಷ್ಟೇ ಕಷ್ಟದ ಇನ್ನೊಂದು ಕಥೆ ಇರಲಿ.

ಇಲ್ಲಿ ಒಂದು ವಿಚಿತ್ರ ಆಗುತ್ತದೆ. "ಮಗುವಿನ ಜೊತೆ ಮಾತಾಡುವುದು ನಿಮಗೆ ಎಷ್ಟು ಚೆನ್ನಾಗಿ ಬರುತ್ತದೆ, ಹತ್ತಕ್ಕೆ ಎಷ್ಟು?" ಅಂತ ತರಬೇತಿಗೆ ಮೊದಲು ಕೇಳಿದರೆ ಎಂಟು ಅಂತಾರೆ. ಮುಗಿದ ಮೇಲೆ ಕೇಳಿದರೆ ಆರು. ತರಬೇತಿ ಕೆಟ್ಟಿತ್ತು ಅಂತಲ್ಲ. ತನಗೆ ಏನು ಬರಲ್ಲ ಅಂತ ಈಗ ಗೊತ್ತಾಗಿದೆ. ಇದನ್ನು ತಪ್ಪಿಸಲು ಎರಡೂ ಪ್ರಶ್ನೆಯನ್ನು ಕೊನೆಯಲ್ಲೇ, ಅಕ್ಕಪಕ್ಕದಲ್ಲಿ ಕೇಳಿ: "ತರಬೇತಿಗೆ ಮೊದಲು ನಿಜವಾಗಿ ಎಷ್ಟಿತ್ತು? ಈಗ ಎಷ್ಟು?" ಆಗ ಒಂದೇ ಅಳತೆಗೋಲಿನಿಂದ ಎರಡನ್ನೂ ಅಳೆಯುತ್ತಾರೆ. ತರಬೇತಿಗೆ ಮೊದಲು ಏನೂ ಕೇಳದೆ ಇದ್ದವರಿಗೂ ಇದೇ ದಾರಿ. ಹಳೆಯ ಕಡತ ಹೇಗೂ ಕಚೇರಿಯಲ್ಲೇ ಇರುತ್ತದೆ, ಅದನ್ನೂ ಈಗ ತೆಗೆಯಬಹುದು. ಆದರೂ ತಮಗೆ ತಾವೇ ಕೊಟ್ಟುಕೊಂಡ ಅಂಕ ಅದು, ಸಾಕ್ಷಿ ಅಂತ ಜಾಸ್ತಿ ನಂಬಬೇಡಿ.

ಹಂತ 6: ಮೂರು ತಿಂಗಳಾದ ಮೇಲೆ ಕಡತ ಓದಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಅದೇ ಸಿಬ್ಬಂದಿ ತರಬೇತಿಯ ನಂತರ ಬರೆದ ಕೊನೆಯ ಎರಡು ಪಾಲನಾ ಯೋಜನೆ ತೆಗೆಸಿ. ಅದೇ ರೀತಿ ಹೆಸರು, ತಾರೀಖು ಮುಚ್ಚಿ. ಹಳೆಯದು, ಹೊಸದು ಎಲ್ಲವನ್ನೂ ಕಲೆಸಿ ಇಬ್ಬರು ಓದುಗರಿಗೆ ಕೊಡಿ. ಯಾವುದು ಮೊದಲಿನದು, ಯಾವುದು ನಂತರದ್ದು ಅಂತ ಅವರಿಗೆ ಗೊತ್ತಾಗಬಾರದು. ಗೊತ್ತಾದರೆ "ನಂತರದ್ದು" ತಾನಾಗಿ ಚೆನ್ನಾಗಿ ಕಾಣತೊಡಗುತ್ತದೆ.

ಪ್ರತಿ ಕಡತಕ್ಕೆ ಐದು ಪ್ರಶ್ನೆ. ಮಗುವಿನ ಮಾತು ಇದೆಯಾ? ಕುಟುಂಬದ ಯಾರನ್ನು, ಯಾವಾಗ ಭೇಟಿಯಾದರು ಅಂತ ಇದೆಯಾ? ಪ್ರತಿ ಕೆಲಸಕ್ಕೆ ಮಾಡುವವರು, ಮಾಡುವ ದಿನ ಇದೆಯಾ? ಮಗು ಮನೆಗೆ ಮರಳುವ ದಾರಿ ಹುಡುಕಿದ್ದಾರಾ? ಮತ್ತೆ ಪರಿಶೀಲಿಸುವ ತಾರೀಖು ಇದೆಯಾ, ಆ ದಿನ ಪರಿಶೀಲನೆ ಆಯಿತಾ? ಇಲ್ಲ ಅಂದರೆ 0, ಅರೆಬರೆ 1, ಸರಿಯಾಗಿದ್ದರೆ 2. ಹತ್ತಕ್ಕೆ ಎಷ್ಟು ಅಂತ ಬರುತ್ತದೆ.

ಇಬ್ಬರೂ ಮೊದಲು ಬೇರೆ ಬೇರೆ ಕೂತು ಅಂಕ ಹಾಕಲಿ, ಆಮೇಲೆ ಹೋಲಿಸಲಿ. ಒಬ್ಬರು 3, ಇನ್ನೊಬ್ಬರು 8 ಕೊಟ್ಟಿದ್ದರೆ ತಪ್ಪು ಕಡತದ್ದಲ್ಲ, ನಿಮ್ಮ ಪ್ರಶ್ನೆಯದು. "ಮಗುವಿನ ಮಾತು" ಅಂದರೆ ಏನು ಅಂತ ಇಬ್ಬರೂ ಕೂತು ತೀರ್ಮಾನ ಮಾಡಿ, ಮತ್ತೆ ಓದಿ.

ವ್ಯತ್ಯಾಸ ಹೇಗೆ ಕಾಣುತ್ತದೆ? ಒಂದು ಮಾದರಿ ಕೊಡುತ್ತೇನೆ. ಹಳೆಯ ಕಡತದಲ್ಲಿ: "ಮಗುವಿಗೆ ಉತ್ತಮ ಶಿಕ್ಷಣ ಕೊಡಿಸುವುದು. ಆರೋಗ್ಯದ ಬಗ್ಗೆ ಕಾಳಜಿ ವಹಿಸುವುದು." ಇದೇ ಎರಡು ಸಾಲು ಹತ್ತು ಮಕ್ಕಳ ಕಡತದಲ್ಲೂ ಇರುತ್ತವೆ, ಅಲ್ಪವಿರಾಮ ಕೂಡ ಬದಲಾಗಿರುವುದಿಲ್ಲ. ಹೊಸದರಲ್ಲಿ: "ಬೋರ್ಡ್ ಮೇಲೆ ಬರೆದದ್ದು ಕಾಣ್ಸಲ್ಲ ಅಂತ ಬಾಲಕ ಹೇಳಿದ. ಸೋಮವಾರ ಕೌನ್ಸೆಲರ್ ಅವನನ್ನು ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಕರೆದೊಯ್ಯುವುದು. ಕನ್ನಡಕ ಬಂದಿದೆಯಾ ಅಂತ 15 ದಿನದಲ್ಲಿ ನೋಡುವುದು." ವರದಿಯಲ್ಲಿ ಇಂಥ ಒಂದು ಜೋಡಿಯನ್ನು ಗುರುತು ಸಿಗದ ಹಾಗೆ ಹಾಕಿ. ಅಂಕಗಳ ಪಟ್ಟಿ ಓದದ ಅಧಿಕಾರಿಯೂ ಇದನ್ನು ಓದುತ್ತಾರೆ.

ಇನ್ನೂ ಒಂದು ಅನುಮಾನ ಉಳಿಯುತ್ತದೆ. ಆ ಮೂರು ತಿಂಗಳಲ್ಲಿ ಮೇಲಿನಿಂದ ಹೊಸ ಸುತ್ತೋಲೆ ಬಂದು ಕಡತ ಸುಧಾರಿಸಿರಬಹುದಲ್ಲ? ಮೂರು ಜಿಲ್ಲೆಗಳಿಗೆ ಸರದಿ ಮೇಲೆ ತರಬೇತಿ ನಡೆಯುವುದಿದ್ದರೆ ಇದಕ್ಕೆ ಸುಲಭ ಉಪಾಯ ಇದೆ. ಬೀದರ್‌ನವರದ್ದು ಮೊದಲು, ಯಾದಗಿರಿಯವರದ್ದು ನಾಲ್ಕು ತಿಂಗಳ ನಂತರ ಅಂತಿದ್ದರೆ, ಯಾದಗಿರಿಯ ಕಡತಗಳನ್ನೂ ಅದೇ ಹೊತ್ತಿಗೆ ಓದಿ. ಎರಡೂ ಕಡೆ ಒಂದೇ ರೀತಿ ಸುಧಾರಿಸಿದ್ದರೆ ಕಾರಣ ಸುತ್ತೋಲೆ. ಬೀದರ್‌ನಲ್ಲಿ ಮಾತ್ರ ಸುಧಾರಿಸಿದ್ದರೆ ತರಬೇತಿಗೆ ಹೆಸರು ಕೊಡಬಹುದು. ಇದಕ್ಕೆ ಹೋಲಿಕೆ ಗುಂಪು ಅಂತಾರೆ.

ಎಚ್ಚರಿಕೆ: ಈ ಅಂಕಗಳು ಯಾರ ಗುತ್ತಿಗೆ ಮುಂದುವರಿಕೆಗೂ, ನೋಟಿಸಿಗೂ ಬಳಕೆಯಾಗಬಾರದು. ಅನುಮತಿ ಪತ್ರದಲ್ಲೇ ಇದನ್ನು ಬರೆಸಿಕೊಳ್ಳಿ. ಘಟಕದ ಸಿಬ್ಬಂದಿಯಲ್ಲಿ ಬಹಳ ಜನ ಗುತ್ತಿಗೆಯವರು. ಒಮ್ಮೆ ಹೆದರಿದರೆ ಮುಂದಿನ ಸಲ ನಿಮಗೆ ಸಿಗುವುದು ತೋರಿಸಲಿಕ್ಕೆ ಅಂತ ಬರೆದ ಕಡತ. ಹಾಗೆಯೇ ಮೇಲಧಿಕಾರಿಯನ್ನೂ ಮರೆಯಬೇಡಿ. ಕಲಿತು ಬಂದವರಿಗೆ ಕಚೇರಿಯಲ್ಲಿ "ಅದೆಲ್ಲಾ ಬಿಡ್ರಿ, ಮೊದಲಿನ ಫಾರ್ಮ್ಯಾಟ್‌ನಾಗ ಬರೀರಿ" ಅಂದರೆ ಅಲ್ಲಿಗೆ ಮುಗಿಯಿತು. "ಕಲಿತದ್ದನ್ನು ಬಳಸಲು ಯಾರು ಬಿಟ್ಟರು, ಯಾರು ಬಿಡಲಿಲ್ಲ?" ಅಂತ ಸಿಬ್ಬಂದಿಯನ್ನು ಒಬ್ಬೊಬ್ಬರನ್ನಾಗಿ ಕೇಳಿ.

ಹಂತ 7: ಸಾಕು ಪೋಷಕರಿಗೆ "ನಿನ್ನೆ" ಬಗ್ಗೆ ಕೇಳಿ

"ಮಗುವನ್ನು ಪ್ರೀತಿಯಿಂದ ನೋಡಿಕೊಳ್ಳುತ್ತೀರಾ?" ಅಂದರೆ ಯಾರೂ ಇಲ್ಲ ಅನ್ನಲ್ಲ. ನಿನ್ನೆ ಏನಾಯಿತು ಅಂತ ಕೇಳಿ.

ಇದು ನನ್ನ ಕಲ್ಪನೆ ಅಲ್ಲ. ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಕೀಪ್ ಅನ್ನುವ ತರಬೇತಿಯನ್ನು 700 ಸಾಕು ಕುಟುಂಬಗಳ ಜೊತೆ ಪರೀಕ್ಷಿಸಿದರು, ಫಲಿತಾಂಶ 2008ರಲ್ಲಿ ಬಂತು. ತರಬೇತಿ 16 ವಾರ ನಡೆಯಿತು. ಅಳತೆಗೆ ಬಳಸಿದ್ದು ಫೋನ್ ಕರೆ: ಕಳೆದ ಒಂದು ದಿನದಲ್ಲಿ ಮಗು ಇಂಥಿಂಥದ್ದು ಮಾಡಿತಾ ಅಂತ ಪಟ್ಟಿ ಓದಿ ಹೇಳಿ, ಹೌದು–ಇಲ್ಲ ಕೇಳುವುದು. ಪೋಷಕರು ಮಗುವನ್ನು ಹೊಗಳಿ ಪ್ರೋತ್ಸಾಹಿಸುವುದು ಹೆಚ್ಚಿದ ಕಡೆ ಮಕ್ಕಳ ಹಟ, ಜಗಳ ಕಡಿಮೆಯಾಗಿತ್ತು. ನಮ್ಮಲ್ಲಿ ಸಾಕು ಕುಟುಂಬಗಳು ಅಷ್ಟಿಲ್ಲ, ತರಬೇತಿಯೂ ಅಷ್ಟು ಉದ್ದ ಇರಲ್ಲ. ಆದರೆ ಆ ಫೋನಿನ ಉಪಾಯವನ್ನು ಹಾಗೇ ತೆಗೆದುಕೊಳ್ಳಬಹುದು.

ತರಬೇತಿಗೆ ಮೊದಲು ಒಂದು ವಾರದಲ್ಲಿ ಮೂರು ಕರೆ, ಮೂರು ತಿಂಗಳ ಮೇಲೆ ಮತ್ತೆ ಮೂರು. ಐದು ನಿಮಿಷಕ್ಕಿಂತ ಉದ್ದ ಬೇಡ. "ಅಕ್ಕಾರೆ, ನಿನ್ನಿ ಮುಂಜಾನಿಂದ ರಾತ್ರಿ ತನಕ ಹುಡುಗ ಹಟ ಮಾಡಿದ್ನೇನ್ರಿ? ಆವಾಗ ನೀವು ಏನ್ ಮಾಡಿದ್ರಿ?" ಹಾಸಿಗೆ ಒದ್ದೆ ಆಯಿತಾ, ಊಟ ಬಚ್ಚಿಟ್ಟುಕೊಂಡನಾ, ಶಾಲೆಗೆ ಹೋದನಾ, ನಿನ್ನೆ ಯಾವುದಕ್ಕಾದರೂ ಶಹಬ್ಬಾಸ್ ಅಂದಿರಾ? ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. "ಒಂದೇಟು ಹಾಕಿದೆ" ಅಂದರೆ "ಶಿಸ್ತು ಕ್ರಮ" ಅಂತ ತಿದ್ದಬೇಡಿ.

ಎಲ್ಲರೂ ಎಡವುವುದು ಕರೆ ಮಾಡುವವರ ಆಯ್ಕೆಯಲ್ಲಿ. 44ನೇ ಕಲಂ ಪ್ರಕಾರ ಸಮಿತಿ ಪ್ರತಿ ತಿಂಗಳು ಸಾಕು ಕುಟುಂಬದ ಪರಿಶೀಲನೆ ಮಾಡಬೇಕು. ಆರೈಕೆ ಸರಿಯಿಲ್ಲದಿದ್ದರೆ ಮಗುವನ್ನು ಅಲ್ಲಿಂದ ತೆಗೆಯಬಹುದು. ಹಾಗಾಗಿ ಪರಿಶೀಲನೆಗೆ ಬರುವವರೇ ಫೋನ್ ಮಾಡಿದರೆ ಪೋಷಕರಿಗೆ ಎದೆ ಹೊಡೆದುಕೊಳ್ಳುತ್ತದೆ. "ಎಲ್ಲಾ ಚಲೋ ಐತ್ರಿ" ಬಿಟ್ಟು ಬೇರೆ ಉತ್ತರ ಬರಲ್ಲ. ಕರೆ ಮಾಡುವವರು ಬೇರೆಯೇ ಇರಲಿ. ಮೊದಲ ಕರೆಯಲ್ಲೇ ಎರಡು ಮಾತು ಸ್ಪಷ್ಟವಾಗಿ ಹೇಳಲಿ: ನಿಮ್ಮ ಉತ್ತರ ನಿಮ್ಮ ಹೆಸರಿನ ಜೊತೆ ಹೊರಗೆ ಹೋಗಲ್ಲ, ಆದರೆ ಮಗುವಿಗೆ ಅಪಾಯ ಇದೆ ಅಂತ ಗೊತ್ತಾದರೆ ನಾನು ತಿಳಿಸಲೇಬೇಕು. ಎರಡನೆಯದನ್ನು ಬಿಟ್ಟು ಮೊದಲನೆಯದನ್ನಷ್ಟೇ ಹೇಳುವುದು ಮೋಸ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮೌಲ್ಯಮಾಪನ ನಡೀತಿದೆ, ಗೌಪ್ಯತೆ ಇದೆ ಅನ್ನುವ ನೆಪ ನಡೆಯಲ್ಲ. ಕರೆ ಮಾಡುವವರ ಮೇಜಿನ ಮೇಲೆ 1098, ಮಕ್ಕಳ ಸಹಾಯವಾಣಿ ನಂಬರ್, ಯಾವಾಗಲೂ ಇರಲಿ.

ಮನೆ ಭೇಟಿ ಒಂದಾದರೂ ಬೇಕು. ಅಲ್ಲಿ ಕೇಳುವುದಕ್ಕಿಂತ ನೋಡುವುದು ಜಾಸ್ತಿ. ಮಗು ಎಲ್ಲಿ ಮಲಗುತ್ತದೆ? ಮನೆಯ ಮಕ್ಕಳ ಜೊತೆಗೇ ಉಣ್ಣುತ್ತದಾ? ನೀರು ತರುವುದು, ದನ ನೋಡುವುದು ಇದರ ಪಾಲಿಗೇ ಜಾಸ್ತಿ ಬಂದಿದೆಯಾ? ಮಗುವನ್ನು ಮಾತಾಡಿಸುವುದಿದ್ದರೆ ಅದಕ್ಕೆ ತರಬೇತಿ ಇರುವ ಕೌನ್ಸೆಲರ್ ಮಾತಾಡಿಸಲಿ. "ಇವರು ಒಳ್ಳೆಯವರಾ?" ಅಂತ ಪೋಷಕರ ಮುಂದೆ ಕೇಳುವುದು ಮಗುವಿಗೆ ಹಿಂಸೆ.

ಸಮಯವನ್ನೂ ಲೆಕ್ಕ ಹಾಕಿ. ಡಿಸೆಂಬರ್–ಜನವರಿಯಲ್ಲಿ ತೊಗರಿ ರಾಶಿ, ಹಗಲು ಫೋನ್ ಎತ್ತಲ್ಲ, ರಾತ್ರಿ ಎಂಟರ ಮೇಲೆ ಮಾಡಿ. ಏಪ್ರಿಲ್–ಮೇಯಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆವರೆಗೆ ಮಾತ್ರ, ಕಡತ ಕೇಳಲು ಮಧ್ಯಾಹ್ನ ಹೋದರೆ ಬಾಗಿಲು ನೋಡಿ ಬರಬೇಕು.

ಮತ್ತೊಂದು: ತಿಂಗಳ ಹಣ ತಡವಾಗಿದ್ದರೆ ಆ ಸಿಟ್ಟು ತರಬೇತಿ ಮೇಲಿನ ಉತ್ತರದಲ್ಲೂ ಇಣುಕುತ್ತದೆ. "ಹಣ ಯಾವ ತಿಂಗಳವರೆಗೆ ಬಂದಿದೆ?" ಅಂತ ಮೊದಲೇ ಕೇಳಿ ಪ್ರತ್ಯೇಕ ಬರೆದಿಡಿ.

ಹಂತ 8: ಮಗುವಿಗೆ ಏನಾಯಿತು?

ನಾಲ್ಕನೇ ಮೆಟ್ಟಿಲು. ಶಾಲೆ ಹಾಜರಿ, ಸಾಕು ಮನೆ ಬದಲಾದ ಸಲ, ಸಂಸ್ಥೆಯಲ್ಲಿ ಕಳೆದ ದಿನಗಳನ್ನು ನೋಡಿ. ಹಾಜರಿ ಪುಸ್ತಕ, ಸಮಿತಿಯ ಮಾಸಿಕ ಪರಿಶೀಲನಾ ವರದಿ ಇದ್ದೇ ಇವೆ, ಹೊಸದಾಗಿ ಏನೂ ಸಂಗ್ರಹಿಸಬೇಕಿಲ್ಲ. ಆದರೆ ಎರಡು ದಿನದ ತರಬೇತಿಯಿಂದಲೇ ಹಾಜರಿ ಹೆಚ್ಚಿತು ಅಂತ ಬರೆಯಬೇಡಿ. ಅಪ್ಪ ಗುಳೆಯಿಂದ ವಾಪಸ್ ಬಂದಿರಬಹುದು, ಶಾಲೆಗೆ ಹೊಸ ಮೇಷ್ಟ್ರು ಬಂದಿರಬಹುದು. ಸಂಖ್ಯೆ ಇಡಿ, ಶ್ರೇಯಸ್ಸು ತರಬೇತಿಗೆ ಕಟ್ಟಬೇಡಿ.

ಹಂತ 9: ವರದಿ

ಎರಡು ಪುಟ ದಾಟಬಾರದು. ಮೊದಲ ಪುಟದಲ್ಲಿ ಏನು ಬದಲಾಗಬೇಕಿತ್ತು, ಏನು ಬದಲಾಯಿತು, ಏನು ಬದಲಾಗಲಿಲ್ಲ. ಎರಡನೆಯದರಲ್ಲಿ ಮುಂದಿನ ತರಬೇತಿಯಲ್ಲಿ ಏನು ಬಿಡಬೇಕು, ಏನು ಸೇರಿಸಬೇಕು, ತರಬೇತಿಯಿಂದ ಆಗದ ಯಾವ ಕೆಲಸ ಕಚೇರಿ ಮಾಡಬೇಕು.

ಏಳು ಜನ ಬಂದಿದ್ದರೆ "ಶೇ 71ರಷ್ಟು ಸುಧಾರಣೆ" ಅಂತ ಬರೆಯಬೇಡಿ. "ಏಳರಲ್ಲಿ ಐವರು" ಅನ್ನಿ. ನಡುವೆ ಕೆಲಸ ಬಿಟ್ಟವರನ್ನು ಲೆಕ್ಕದಿಂದ ಸದ್ದಿಲ್ಲದೆ ತೆಗೆಯಬೇಡಿ. "ಹನ್ನೆರಡು ಜನ ಕಲಿತರು, ಮೂರು ತಿಂಗಳಲ್ಲಿ ನಾಲ್ವರು ಕೆಲಸ ಬಿಟ್ಟರು" ಅನ್ನುವ ಸಾಲು ಬಂದರೆ, ಇಲಾಖೆಗೆ ಬೇಕಾದ ಮಾಹಿತಿ ಬೇರೆಲ್ಲಕ್ಕಿಂತ ಅದರಲ್ಲೇ ಜಾಸ್ತಿ ಇರುತ್ತದೆ.

ಒಂದು ಪ್ರತಿ ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿಗೆ, ಒಂದು ಸಮಿತಿಗೆ, ಒಂದು ತರಬೇತಿ ಕೊಟ್ಟವರಿಗೆ. ಸಿಬ್ಬಂದಿಗೆ ಮಾಸಿಕ ಸಭೆಯಲ್ಲಿ ಅರ್ಧ ಗಂಟೆ ಕೇಳಿ ಪಡೆದು ಹೇಳಿ. ಸಾಕು ಪೋಷಕರಿಗೆ ಕಾಗದ ಕಳಿಸಬೇಡಿ, ಕರೆ ಮಾಡಿದವರೇ ಇನ್ನೊಂದು ಕರೆ ಮಾಡಿ ಏನು ಗೊತ್ತಾಯಿತು ಅಂತ ತಿಳಿಸಲಿ. ಅದಾದ ಮೇಲೆ ನಂಬರ್–ಹೆಸರಿನ ಪಟ್ಟಿಯನ್ನು ಹರಿದು ಹಾಕಿ, ಹಾಕಿದ ತಾರೀಖನ್ನು ನೋಟ್‌ಬುಕ್‌ನಲ್ಲಿ ಬರೆದು ಇಬ್ಬರು ಸಹಿ ಮಾಡಿ.